ಭಯ, ಬಯಕೆ, ಕಡಿಮೆ ಬಜೆಟ್: ಗೇ ಛಾಯೆಯ ಹಾರರ್ ಸಿನಿಮಾಗಳಲ್ಲಿ ಯಾವುದರಿಂದ ಶುರು ಮಾಡಬೇಕು?

ನಮ್ಮ ದೆವ್ವದ ಕತೆಗಳಲ್ಲಿ ಮೋಹಿನಿ ಬೇಟೆಯಾಡುವುದು ಗಂಡಸರನ್ನೇ. 90ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆಸಿದ ದೆವ್ವ ಕೂಡ ಮನೆಯ ಗಂಡಸರಿಗಾಗಿಯೇ ಬರುತ್ತದೆ ಅಂತ ಹೇಳುವವರಿದ್ದರು. ಆದರೆ ಅಂಥ ಕತೆ ಸಿನಿಮಾ ಆದಾಗ ಕ್ಯಾಮೆರಾ ನೋಡುವುದು ಮೋಹಿನಿಯನ್ನು. ಬಿಳಿ ಸೀರೆ, ಬಿಚ್ಚಿದ ಕೂದಲು, ಗೆಜ್ಜೆ ಸದ್ದು. ಬೇಟೆಯಾಗುವ ಗಂಡಸಿನ ಕಡೆಗೆ ಯಾರೂ ಆಸೆಯ ಕಣ್ಣಿಂದ ನೋಡುವುದಿಲ್ಲ.

ಕ್ಯಾಮೆರಾವನ್ನು ಆ ಗಂಡಸಿನ ಕಡೆಗೆ ತಿರುಗಿಸಿದ ಹಾರರ್ ಸಿನಿಮಾಗಳೂ ಇವೆ. ಹೆಚ್ಚಿನವು ಸಣ್ಣ ದುಡ್ಡಿನಲ್ಲಿ ಮಾಡಿದವು. ಕೆಲವನ್ನು ಗೇ ನಿರ್ದೇಶಕರೇ ಮಾಡಿದ್ದಾರೆ. ಒಂದೆರಡು ನಿರ್ದೇಶಕರಿಗೇ ಗೊತ್ತಿಲ್ಲದೆ ಹಾಗಾಗಿವೆ. ಹುಡುಕಲು ಕೂತರೆ ನೂರಾರು ಹೆಸರು ಸಿಗುತ್ತವೆ, ಅದರಲ್ಲಿ ಮುಕ್ಕಾಲು ಪಾಲು ಸಮಯ ಹಾಳು. ಹಾಗಾಗಿ ನೋಡಲೇಬೇಕಾದ ಕೆಲವನ್ನು ಮಾತ್ರ ಪಕ್ಕಪಕ್ಕ ಇಟ್ಟು, ಯಾರಿಗೆ ಯಾವುದು ಹೊಂದುತ್ತದೆ ಅಂತ ಹೇಳುತ್ತೇನೆ. ಇವೆಲ್ಲ ವಯಸ್ಕರಿಗೆ ಮಾತ್ರ ಅನ್ನುವುದು ಮೊದಲೇ ಗೊತ್ತಿರಲಿ.

ನಾನು ಅಳೆಯುವುದು ಎಷ್ಟು ಭಯವಾಯಿತು ಅಂತಲ್ಲ, ಎಷ್ಟು ಮೈ ಕಂಡಿತು ಅಂತಲೂ ಅಲ್ಲ. ತೆರೆಯ ಮೇಲಿನ ಆಸೆಯನ್ನು ಸಿನಿಮಾ ಏನು ಮಾಡುತ್ತದೆ ಅನ್ನುವುದನ್ನು ನೋಡುತ್ತೇನೆ. ಕೆಲವು ಸಿನಿಮಾ ಅದನ್ನು ಬಚ್ಚಿಡುತ್ತವೆ. ಕೆಲವು ತೋರಿಸಿ ಅಲ್ಲಿಗೇ ನಿಲ್ಲುತ್ತವೆ. ಕೆಲವು ಮಾತ್ರ ಆ ಆಸೆ ಇರುವವರ ಜೊತೆ ಕೊನೆಯವರೆಗೂ ನಡೆಯುತ್ತವೆ.

ಇಂಥವು ಹಾರರ್‌ನಲ್ಲೇ, ಅದೂ ಕಡಿಮೆ ಬಜೆಟ್‌ನಲ್ಲೇ ಯಾಕೆ ಹುಟ್ಟಿದವು? ಲೆಕ್ಕ ಸರಳ. ಹಾರರ್‌ಗೆ ಸ್ಟಾರ್ ಬೇಕಿಲ್ಲ. ಒಂದು ದೊಡ್ಡ ಮನೆ, ಆರೇಳು ಹೊಸ ಮುಖ, ಸ್ವಲ್ಪ ಹೊಗೆ, ಸ್ವಲ್ಪ ನಕಲಿ ರಕ್ತ ಇದ್ದರೆ ಸಿನಿಮಾ ಆಗುತ್ತದೆ. 80ರ ದಶಕದಲ್ಲಿ ವಿಡಿಯೋ ಕ್ಯಾಸೆಟ್ ಬಂದ ಮೇಲೆ ಅಮೆರಿಕದಲ್ಲಿ ಇಂಥ ಸಿನಿಮಾಗಳಿಗೆ ಥಿಯೇಟರೂ ಬೇಕಾಗಲಿಲ್ಲ. ಅಂಗಡಿಯ ಕಪಾಟಿನಲ್ಲಿ ಕವರ್ ಚಿತ್ರ ಕಣ್ಣಿಗೆ ಬಿದ್ದರೆ ಸಾಕಿತ್ತು. ಹಾಕಿದ ದುಡ್ಡು ಕಡಿಮೆ ಇದ್ದಾಗ ಮೇಲೆ ಕೂತು 'ಇದು ಬೇಡ' ಅನ್ನುವವರೂ ಕಡಿಮೆ. ದೊಡ್ಡ ಸ್ಟುಡಿಯೋದಲ್ಲಿ ಮೊದಲ ಮೀಟಿಂಗ್‌ನಲ್ಲೇ ಕತ್ತರಿ ಬೀಳುತ್ತಿದ್ದ ದೃಶ್ಯಗಳು ಇಲ್ಲಿ ಸಲೀಸಾಗಿ ಉಳಿದುಕೊಂಡವು.

ಈ ಜಾಗದಲ್ಲಿ ಎಲ್ಲರಿಗಿಂತ ಜಾಸ್ತಿ ಕೆಲಸ ಮಾಡಿದವರು ಡೇವಿಡ್ ಡಿಕೋಟೋ. ಹುಟ್ಟಿದ್ದು 1962ರಲ್ಲಿ. ಹದಿಹರೆಯ ಮುಗಿಯುವ ಮೊದಲೇ, ಅಗ್ಗದ ಸಿನಿಮಾಗಳಿಗೆ ಹೆಸರಾದ ನಿರ್ಮಾಪಕ ರೋಜರ್ ಕಾರ್ಮನ್ ಕಂಪನಿಯಲ್ಲಿ ಸಣ್ಣಪುಟ್ಟ ಕೆಲಸಕ್ಕೆ ಸೇರಿದರು. ಆಮೇಲೆ ಇನ್ನೊಬ್ಬ ನಿರ್ಮಾಪಕ ಚಾರ್ಲ್ಸ್ ಬ್ಯಾಂಡ್ ಜೊತೆ ಸೇರಿ ಕ್ಯಾಸೆಟ್ ಮಾರುಕಟ್ಟೆಗೆ ಸಿನಿಮಾ ಮಾಡತೊಡಗಿದರು. 80ರ ದಶಕದಲ್ಲಿ ಅವರು ಮಾಡಿದ್ದು ಎಲ್ಲರೂ ಮಾಡುತ್ತಿದ್ದದ್ದನ್ನೇ: ಅರೆಬರೆ ಬಟ್ಟೆಯ ಹುಡುಗಿಯರು, ರಬ್ಬರ್ ರಾಕ್ಷಸರು. ಅವರು ಸ್ವತಃ ಗೇ. 2000ದ ಹೊತ್ತಿಗೆ ಅದೇ ಸೂತ್ರ ಇಟ್ಟುಕೊಂಡು ಹುಡುಗಿಯರ ಜಾಗದಲ್ಲಿ ಹುಡುಗರನ್ನು ನಿಲ್ಲಿಸಿದರು. ಕೇಳಲು ಸಣ್ಣ ಬದಲಾವಣೆ. ತೆರೆಯ ಮೇಲೆ ನೋಡಿದರೆ ಪೂರ್ತಿ ಬೇರೆ ಸಿನಿಮಾ.

ಅವರದ್ದರಲ್ಲಿ ಒಂದೇ ನೋಡುವುದಾದರೆ 2000ದ 'ವೂಡೂ ಅಕಾಡೆಮಿ' ನೋಡಿ. ಒಂದು ಪುಟ್ಟ ಬೈಬಲ್ ಕಾಲೇಜು. ಅಲ್ಲಿರುವವರು ಒಬ್ಬ ಪಾದ್ರಿ, ಒಬ್ಬ ವಾರ್ಡನ್ ಹೆಂಗಸು, ಬೆರಳೆಣಿಕೆಯ ಹುಡುಗರು. ಹುಡುಗರಿಗೆಲ್ಲ ಸೇರಿ ಒಂದೇ ಹಾಸ್ಟೆಲ್ ಕೋಣೆ. ರಾತ್ರಿ ಮಾಟದ ಪ್ರಭಾವದಲ್ಲಿ ಹುಡುಗರು ನಿದ್ದೆಯಲ್ಲೇ ಹೊರಳಾಡುತ್ತಾರೆ, ತಮ್ಮ ಮೈ ತಾವೇ ಸವರಿಕೊಳ್ಳುತ್ತಾರೆ. ಕ್ಯಾಮೆರಾ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ನಿಧಾನವಾಗಿ ಹೋಗುತ್ತದೆ, ಮತ್ತೆ ವಾಪಸ್ ಬರುತ್ತದೆ. ಕತೆಗೆ ಅಷ್ಟು ಹೊತ್ತು ಬೇಕಾಗಿಲ್ಲ, ನೋಡುವ ಕಣ್ಣಿಗೆ ಬೇಕು. ಚಡ್ಡಿಯಿಂದ ಆಚೆಗೆ ಏನೂ ಕಾಣುವುದಿಲ್ಲ. ಯಾರೂ ಯಾರನ್ನೂ ಮುಟ್ಟುವುದಿಲ್ಲ. ಆದರೂ ಆ ದೃಶ್ಯ ಯಾರಿಗಾಗಿ ತೆಗೆದದ್ದು ಅನ್ನುವುದರಲ್ಲಿ ಎಳ್ಳಷ್ಟೂ ಅನುಮಾನ ಉಳಿಯುವುದಿಲ್ಲ. ಮೊದಲು ಬಂದ ಆವೃತ್ತಿಯಲ್ಲಿ ಇಂಥ ಭಾಗಗಳನ್ನು ತುಂಬಾ ಕತ್ತರಿಸಿದ್ದರು. ಆಮೇಲೆ ನಿರ್ದೇಶಕರ ಆವೃತ್ತಿ ಬಂತು. ಡೈರೆಕ್ಟರ್ಸ್ ಕಟ್ ಅಂತ ಇರುವುದನ್ನೇ ಹುಡುಕಿ. ಇನ್ನೊಂದರಲ್ಲಿ ಈ ಸಿನಿಮಾದ ಜೀವವೇ ಇಲ್ಲ.

ಮುಂದಿನ ವರ್ಷ ಬಂದ 'ದಿ ಬ್ರದರ್‌ಹುಡ್' ಕಾಲೇಜು ಹುಡುಗರ ಗುಂಪೊಂದರ ರಕ್ತಪಿಶಾಚಿ ಕತೆ. ಹೊಸದಾಗಿ ಕಾಲೇಜಿಗೆ ಬಂದ ಹುಡುಗನನ್ನು ಗುಂಪಿನ ನಾಯಕ ಒಲಿಸಿಕೊಳ್ಳಲು ನೋಡುತ್ತಾನೆ. ಮಾತಿನಲ್ಲಿ ಇರುವುದೆಲ್ಲ ಗೆಳೆತನ, ಅಧಿಕಾರ, ಅಮರತ್ವ. ಕಣ್ಣುಗಳು ಬೇರೆಯೇ ಮಾತಾಡುತ್ತವೆ. ಇದಕ್ಕೆ ಐದು ಮುಂದುವರಿದ ಭಾಗಗಳಿವೆ. ಮೊದಲನೆಯದು ಸಾಕು.

2011ರಿಂದ ಬಂದ '1313' ಸರಣಿಯನ್ನು ಮಾತ್ರ ಬಿಟ್ಟುಬಿಡಿ. ಒಂದರ ಹಿಂದೆ ಒಂದು ಸಿನಿಮಾ, ಅದೇ ಬಂಗಲೆ, ಅದೇ ಈಜುಕೊಳ, ಅದೇ ಶವರ್. ಹುಡುಗ ಕಾರಿಡಾರಿನಲ್ಲಿ ನಡೆಯುತ್ತಾನೆ, ನಡೆಯುತ್ತಲೇ ಇರುತ್ತಾನೆ. ಆಸೆ ಹುಟ್ಟಲು ಏನೋ ಒಂದು ಅಡ್ಡ ಬರಬೇಕು, ಅಲ್ವಾ? ಇಲ್ಲಿ ಅಡ್ಡ ಬರುವುದು ಏನೂ ಇಲ್ಲ. ಡಿಕೋಟೋ ಬಗ್ಗೆ ನನಗೆ ಗೌರವವಿದೆ. ಹೆಣ್ಣಿನ ಮೈಯನ್ನೇ ನೋಡಿ ಅಭ್ಯಾಸವಾಗಿದ್ದ ಮಾರುಕಟ್ಟೆಯೊಳಗೇ ನಿಂತು ನೋಟದ ದಿಕ್ಕು ಬದಲಿಸಿದ್ದು ಸಣ್ಣ ಕೆಲಸವಲ್ಲ. ಆದರೆ ಅವರ ಹುಡುಗರಿಗೆ ಬದುಕು ಅಂತ ಇರುವುದಿಲ್ಲ. ಅವರು ಇಷ್ಟಪಡುವುದು ಯಾರನ್ನು, ಹೆದರುವುದು ಯಾವುದಕ್ಕೆ, ನಮಗೆ ಗೊತ್ತಾಗುವುದೇ ಇಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಇರುವುದು 1985ರ 'ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್ 2: ಫ್ರೆಡ್ಡೀಸ್ ರಿವೆಂಜ್'. ನಿರ್ದೇಶಕ ಜ್ಯಾಕ್ ಶೋಲ್ಡರ್. ಬಜೆಟ್ ಸುಮಾರು 30 ಲಕ್ಷ ಡಾಲರ್, ಅಂದರೆ ಡಿಕೋಟೋ ಕನಸಿನಲ್ಲೂ ಕಾಣದಷ್ಟು, ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ. ಇಲ್ಲಿ ಮೈ ತೋರಿಸುವ ಉದ್ದೇಶವೇ ಇಲ್ಲ. ಆದರೆ ಕತೆಯ ಎಲುಬಿನೊಳಗೇ ಅದು ಕೂತಿದೆ. ಕನಸಿನಲ್ಲಿ ಬಂದು ಕೊಲ್ಲುವ ಫ್ರೆಡ್ಡಿ ಅನ್ನುವ ದೆವ್ವ ಜೆಸ್ಸಿ ಅನ್ನುವ ಹುಡುಗನ ಮೈಯೊಳಗಿಂದ ಹೊರಗೆ ಬರಲು ನೋಡುತ್ತದೆ. ಪ್ರೇಯಸಿಯ ಜೊತೆ ಇರುವಾಗ ಜೆಸ್ಸಿಗೆ ತಡೆಯಲಾಗುವುದಿಲ್ಲ. ಅಲ್ಲಿಂದ ಓಡಿ ಹೋಗಿ ನಿಲ್ಲುವುದು ಗೆಳೆಯ ಗ್ರೇಡಿಯ ಮಲಗುವ ಕೋಣೆಯಲ್ಲಿ. ನನ್ನ ಮೈಯೊಳಗೆ ಏನೋ ಬರಲು ನೋಡುತ್ತಿದೆ, ಈ ರಾತ್ರಿ ಇಲ್ಲೇ ಇರುತ್ತೇನೆ, ನೀನು ನನ್ನನ್ನು ಕಾಯುತ್ತಿರು ಅಂತ ಬೇಡಿಕೊಳ್ಳುತ್ತಾನೆ. ಅದಕ್ಕೂ ಮೊದಲು ಅವನು ರಾತ್ರಿ ಹೊತ್ತು ಒಂದು ಬಾರ್‌ಗೆ ಹೋಗುತ್ತಾನೆ. ಅಲ್ಲಿ ಸಿಗುವುದು ಚರ್ಮದ ಬಟ್ಟೆ ತೊಟ್ಟ ಅವನ ಶಾಲೆಯ ಪಿ.ಟಿ. ಮೇಷ್ಟ್ರು. ಇಷ್ಟೆಲ್ಲ ಇದ್ದೂ ಸಿನಿಮಾ ಒಂದೇ ಒಂದು ಸಲವೂ ಬಾಯಿಬಿಟ್ಟು ಹೇಳುವುದಿಲ್ಲ.

ಈ ಸಿನಿಮಾ ಬಂದ ಕಾಲವನ್ನು ನೆನಪಿಟ್ಟುಕೊಂಡು ನೋಡಿ. ಬಿಡುಗಡೆಯಾದದ್ದು 1985ರ ನವೆಂಬರ್ 1ರಂದು. ಅದಕ್ಕೆ ಒಂದು ತಿಂಗಳ ಮುಂಚೆಯಷ್ಟೇ ನಟ ರಾಕ್ ಹಡ್ಸನ್ ಏಡ್ಸ್‌ನಿಂದ ತೀರಿಕೊಂಡಿದ್ದರು. ಅಮೆರಿಕದಲ್ಲಿ ಗೇ ಅಂದರೆ ಸಾವು ಅನ್ನುವ ಹೆದರಿಕೆ ಹಬ್ಬಿತ್ತು. ಜೆಸ್ಸಿ ಪಾತ್ರ ಮಾಡಿದ ಮಾರ್ಕ್ ಪ್ಯಾಟನ್ ನಿಜ ಜೀವನದಲ್ಲೂ ಗೇ. ಆಗ ಅದನ್ನು ಬಹಿರಂಗವಾಗಿ ಹೇಳಿಕೊಂಡಿರಲಿಲ್ಲ. ಚಿತ್ರಕತೆ ಬರೆದ ಡೇವಿಡ್ ಚಾಸ್ಕಿನ್ ವರ್ಷಗಟ್ಟಲೆ ನಾನು ಹಾಗೆ ಬರೆದಿಲ್ಲ ಅನ್ನುತ್ತಿದ್ದರು. ಬೇಕೆಂದೇ ಬರೆದದ್ದು ಅಂತ ಒಪ್ಪಿಕೊಂಡದ್ದು ಬಹಳ ತಡವಾಗಿ. ನಡುವೆ ಎಲ್ಲ ಭಾರ ಬಿದ್ದದ್ದು ಪ್ಯಾಟನ್ ಮೇಲೆ. ಅವರು ನಟನೆಯನ್ನೇ ಬಿಟ್ಟು ಹೋದರು. 2019ರಲ್ಲಿ ಅವರ ಬಗ್ಗೆ 'ಸ್ಕ್ರೀಮ್, ಕ್ವೀನ್!' ಅನ್ನುವ ಸಾಕ್ಷ್ಯಚಿತ್ರ ಬಂತು. ಅದರಲ್ಲಿ ಅವರು ಚಾಸ್ಕಿನ್ ಎದುರಿಗೇ ಕೂತು ಮಾತಾಡುತ್ತಾರೆ. ಎರಡನ್ನೂ ಒಟ್ಟಿಗೆ ನೋಡಿ, ಮೊದಲು ಸಿನಿಮಾ, ಆಮೇಲೆ ಸಾಕ್ಷ್ಯಚಿತ್ರ. ಬಚ್ಚಿಟ್ಟದ್ದಕ್ಕೆ ಬೆಲೆ ತೆತ್ತವರು ಯಾರು ಅನ್ನುವುದು ಆಗ ಅರ್ಥವಾಗುತ್ತದೆ.

ಒಂದು ತಕರಾರು ಇದೆ. ಕೊನೆಯಲ್ಲಿ ಜೆಸ್ಸಿಯನ್ನು ಉಳಿಸುವುದು ಹುಡುಗಿಯ ಮುತ್ತು. ಎಂಬತ್ತು ನಿಮಿಷ ಬಚ್ಚಿಟ್ಟುಕೊಂಡು ಬಂದದ್ದಕ್ಕೆ ಕಡೆಗೆ ಬೀಗವೂ ಬೀಳುತ್ತದೆ. ಆದರೂ ಹದಿನೇಳರ ವಯಸ್ಸಿನಲ್ಲಿ ತನ್ನ ಮೈಗೆ ತಾನೇ ಹೆದರಿದ ಯಾರಿಗೇ ಆಗಲಿ ಜೆಸ್ಸಿಯ ಬೆವರು ಗುರುತು ಸಿಗುತ್ತದೆ. ಅದು ಸಿನಿಮಾದ ಊರಾದ ಸ್ಪ್ರಿಂಗ್‌ವುಡ್‌ನ ಹುಡುಗನಿಗೆ ಎಷ್ಟು ನಿಜವೋ, ಅಪ್ಪ ಅಮ್ಮ ಪಕ್ಕದ ರೂಮಿನಲ್ಲಿ ಮಲಗಿರುವ ರಾಜಾಜಿನಗರದ ಹುಡುಗನಿಗೂ ಅಷ್ಟೇ ನಿಜ.

ನನ್ನನ್ನು ಕೇಳಿದರೆ ಹೊಸಬರು ಶುರು ಮಾಡಬೇಕಾದದ್ದು ಈ ಎರಡರಿಂದಲೂ ಅಲ್ಲ. 2004ರ 'ಹೆಲ್‌ಬೆಂಟ್' ನೋಡಿ. ನಿರ್ದೇಶಕ ಪಾಲ್ ಎಥರಿಜ್-ಔಟ್ಸ್. ಕತೆ ಬಹುಪಾಲು ಒಂದೇ ರಾತ್ರಿಯದು. ಲಾಸ್ ಏಂಜಲಿಸ್ ಪಕ್ಕದ ವೆಸ್ಟ್ ಹಾಲಿವುಡ್‌ನಲ್ಲಿ ಹ್ಯಾಲೋವೀನ್ ಜಾತ್ರೆ, ರಸ್ತೆ ತುಂಬಾ ವೇಷ ಹಾಕಿದ ಜನ. ನಾಲ್ವರು ಗೇ ಗೆಳೆಯರು ಹೊರಟಿದ್ದಾರೆ. ಅವರ ಹಿಂದೆ ಬರಿಮೈಯ, ಸೈತಾನನ ಮುಖವಾಡದ, ಕುಡುಗೋಲು ಹಿಡಿದ ಒಬ್ಬ. ಅವನು ಯಾರು, ಯಾಕೆ ಕೊಲ್ಲುತ್ತಾನೆ ಅಂತ ಸಿನಿಮಾ ಹೇಳುವುದೇ ಇಲ್ಲ. ಅದು ಒಳ್ಳೆಯದೇ ಆಯಿತು.

ಇಲ್ಲಿ ಆಸೆಯನ್ನು ಬಚ್ಚಿಡುವ ಅಗತ್ಯವೇ ಇಲ್ಲ, ಯಾಕಂದರೆ ಎಲ್ಲರೂ ಗೇ. ಹಾಗಾಗಿ ಸಿನಿಮಾಗೆ ಬೇರೆ ಕೆಲಸಕ್ಕೆ ಪುರುಸೊತ್ತು ಸಿಗುತ್ತದೆ. ಒಬ್ಬ ನಾಚಿಕೆಯವನು, ಇಷ್ಟಪಟ್ಟವನ ಎದುರು ನಿಂತು ಮಾತಾಡಲು ತಡವರಿಸುತ್ತಾನೆ. ಇನ್ನೊಬ್ಬ ಸುಂದರಾಂಗ, ಈ ರಾತ್ರಿ ಹೆಣ್ಣು ವೇಷ ಹಾಕಿದ್ದರಿಂದ ಯಾರೂ ತನ್ನ ಕಡೆ ನೋಡುತ್ತಿಲ್ಲ ಅನ್ನುವ ಸಂಕಟ ಅವನಿಗೆ. ಈ ಸಣ್ಣ ಸಂಗತಿಗಳಿಂದಲೇ ಅವರು ಸತ್ತಾಗ ನಮಗೆ ನೋವಾಗುತ್ತದೆ. ನಾಯಕ ಎಡ್ಡಿಗೆ ಒಂದು ಕಣ್ಣು ಗಾಜಿನದು. ಕೊನೆಯ ಭಾಗದಲ್ಲಿ ಕೊಲೆಗಾರನ ಕುಡುಗೋಲಿನ ತುದಿ ಆ ಕಣ್ಣಿಗೆ ತಾಗುತ್ತದೆ. ತೆರೆ ತುಂಬಾ ಆ ಕಣ್ಣು, ಅದರ ಮೇಲೆ ಲೋಹ ಗೀಚುವ ಸದ್ದು. ಎಡ್ಡಿ ರೆಪ್ಪೆ ಮಿಟುಕಿಸುವುದಿಲ್ಲ. ನೋಡುವ ನಾವು ಮಿಟುಕಿಸುತ್ತೇವೆ. ದುಡ್ಡಿಲ್ಲದ ಸಿನಿಮಾ ಒಂದು ಕಣ್ಣು, ಒಂದು ಕುಡುಗೋಲು ಇಟ್ಟುಕೊಂಡು ಏನು ಮಾಡಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮಧ್ಯದಲ್ಲಿ ಸ್ವಲ್ಪ ಎಳೆದಂತೆ ಆಗುತ್ತದೆ, ಕೆಲವರ ನಟನೆ ಅಷ್ಟಕ್ಕಷ್ಟೇ. ಆದರೂ ಪ್ರೈಡ್ ಮೆರವಣಿಗೆಯಲ್ಲಿ ಒಮ್ಮೆ ನಡೆದವರಿಗೆ ಈ ಸಿನಿಮಾದ ರಸ್ತೆ ಪರಿಚಿತ ಅನ್ನಿಸುತ್ತದೆ. ಗುಂಪಿನಲ್ಲಿ ಇರುವಷ್ಟು ಹೊತ್ತು ಧೈರ್ಯ, ಪಕ್ಕದ ಗಲ್ಲಿಗೆ ತಿರುಗಿದ ಕೂಡಲೇ ಹಿಂದೆ ಯಾರಾದರೂ ಬರುತ್ತಿದ್ದಾರಾ ಅಂತ ನೋಡುವ ಅಭ್ಯಾಸ. ಬೆಂಗಳೂರಿನ ಮೆರವಣಿಗೆಗೆ 2008ರಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಂಗಸರ ನಡುವಿನ ಆಸೆಯ ಹಾರರ್‌ಗೆ ಇದಕ್ಕಿಂತ ಹಳೆಯ ಇತಿಹಾಸ ಇದೆ. ಆದರೆ ಅದರ ಬಹುಪಾಲು ಗಂಡಸರು ಗಂಡಸರಿಗಾಗಿ ಮಾಡಿದ್ದು. ಬ್ರಿಟನ್ನಿನ ಹ್ಯಾಮರ್ ಕಂಪನಿಯ 1970ರ 'ದಿ ವ್ಯಾಂಪೈರ್ ಲವರ್ಸ್' ಅಂಥದ್ದು, ನಟಿ ಇಂಗ್ರಿಡ್ ಪಿಟ್ ಅವರಿಗಾಗಿ ಮಾತ್ರ ನೋಡಬಹುದು. ಆಯ್ಕೆ ಮಾಡುವುದಾದರೆ ಬೆಲ್ಜಿಯಂನ ಹ್ಯಾರಿ ಕುಮೆಲ್ ಮಾಡಿದ 1971ರ 'ಡಾಟರ್ಸ್ ಆಫ್ ಡಾರ್ಕ್‌ನೆಸ್' ತಗೊಳ್ಳಿ. ಸಮುದ್ರದ ದಂಡೆಯ ಖಾಲಿ ಹೋಟೆಲ್, ಹೊಸದಾಗಿ ಮದುವೆಯಾದ ಜೋಡಿ, ಮುಪ್ಪೇ ಬರದ ಒಬ್ಬ ಸಿರಿವಂತ ಮನೆತನದ ಕೌಂಟೆಸ್. ಡೆಲ್ಫಿನ್ ಸೇರಿಗ್ ಆ ಕೌಂಟೆಸ್ ಆಗಿ ನಗುನಗುತ್ತಾ ಮಾತಾಡುತ್ತಾರೆ, ಧ್ವನಿ ಎತ್ತುವುದೇ ಇಲ್ಲ. ಹೆಂಡತಿಯ ಮೇಲೆ ಕೈ ಮಾಡುವ ಗಂಡನಿಗಿಂತ ಈ ಪಿಶಾಚಿಯೇ ವಾಸಿ ಅನ್ನುವ ಕಡೆಗೆ ಸಿನಿಮಾ ನಮ್ಮನ್ನು ಒಯ್ಯುತ್ತದೆ.

ಈಗ ಸ್ವಲ್ಪ ಕಷ್ಟದ ಎರಡು ಹೆಸರುಗಳು. ಕೆನಡಾದ ಬ್ರೂಸ್ ಲಬ್ರೂಸ್, ಫ್ರಾನ್ಸ್‌ನ ಯಾನ್ ಗೊನ್ಜಾಲೆಜ್. ಇಬ್ಬರೂ ಗೇ ಪೋರ್ನ್ ಜಗತ್ತನ್ನು ಹಾರರ್ ಜೊತೆ ಬೆರೆಸಿದವರು, ದಾರಿ ಮಾತ್ರ ಬೇರೆ. ಲಬ್ರೂಸ್ ಅವರ 2008ರ 'ಒಟ್ಟೋ; ಆರ್, ಅಪ್ ವಿತ್ ಡೆಡ್ ಪೀಪಲ್' ಬರ್ಲಿನ್‌ನಲ್ಲಿ ಅಲೆಯುವ ಒಬ್ಬ ಗೇ ಜೋಂಬಿ ಹುಡುಗನ ಕತೆ. ಅವನು ನಿಜವಾಗಿ ಸತ್ತಿದ್ದಾನಾ ಅಥವಾ ಮನಸ್ಸು ಮುರಿದು ಹಾಗೆ ಅಂದುಕೊಂಡಿದ್ದಾನಾ ಗೊತ್ತಾಗುವುದಿಲ್ಲ. ಆ ಒಂಟಿತನ ಮನಸ್ಸಿಗೆ ತಟ್ಟುತ್ತದೆ. ಆದರೆ ನೇರ ಲೈಂಗಿಕ ದೃಶ್ಯಗಳಿವೆ, ಕರುಳು ರಕ್ತ ಎಲ್ಲ ಇದೆ. ಎರಡು ವರ್ಷದ ನಂತರದ ಅವರ 'ಎಲ್.ಎ. ಜೋಂಬಿ'ಯನ್ನು ಮೆಲ್ಬರ್ನ್ ಚಿತ್ರೋತ್ಸವದಲ್ಲಿ ತೋರಿಸಲು ಆಸ್ಟ್ರೇಲಿಯಾದ ಸೆನ್ಸಾರ್ ಬಿಡಲಿಲ್ಲ. ಅದನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಗೊನ್ಜಾಲೆಜ್ ಅವರ 2018ರ 'ನೈಫ್ + ಹಾರ್ಟ್' ಮಾತ್ರ ಈ ಪಟ್ಟಿಯಲ್ಲಿ ನನಗೆ ತುಂಬಾ ಪ್ರೀತಿಯದು. ದುಡ್ಡಿನ ಲೆಕ್ಕದಲ್ಲಿ ಇದು ಉಳಿದ ಹೆಚ್ಚಿನವಕ್ಕಿಂತ ದೊಡ್ಡದು, ಕಾನ್ ಚಿತ್ರೋತ್ಸವದ ಸ್ಪರ್ಧೆಗೂ ಹೋಗಿತ್ತು. ಆದರೆ ಕತೆ ಸಣ್ಣ ದುಡ್ಡಿನ ಸಿನಿಮಾ ಮಾಡುವವರದ್ದೇ. 1979ರ ಬೇಸಿಗೆಯ ಪ್ಯಾರಿಸ್. ಆನ್ ಅನ್ನುವ ಹೆಂಗಸು ಅಗ್ಗದ ಗೇ ಪೋರ್ನ್ ಸಿನಿಮಾ ಮಾಡುತ್ತಾಳೆ. ವನೆಸಾ ಪರಾಡಿಯ ಪಾತ್ರ ಅದು. ಅವಳನ್ನು ಬಿಟ್ಟು ಹೋದ ಪ್ರೇಯಸಿ ಲೋಯಿಸ್ ಅವಳ ಸಿನಿಮಾಗಳ ಎಡಿಟರ್ ಕೂಡ. ಮುಖವಾಡದ ಒಬ್ಬ ಅವಳ ನಟರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತಾನೆ. ಪೊಲೀಸರು ತಲೆ ಕೆಡಿಸಿಕೊಳ್ಳುವುದಿಲ್ಲ. ಅವಳು ಆ ಕೊಲೆಗಳನ್ನೇ ತನ್ನ ಮುಂದಿನ ಸಿನಿಮಾದ ಕತೆ ಮಾಡಿಕೊಳ್ಳುತ್ತಾಳೆ. ಎಂ83 ತಂಡದ ಸಂಗೀತವಿದೆ, ಅದರ ಆಂಟನಿ ಗೊನ್ಜಾಲೆಜ್ ನಿರ್ದೇಶಕರ ಸಹೋದರ. ಸೆಟ್‌ನಲ್ಲಿರುವ ಹುಡುಗರು ಒಬ್ಬರನ್ನೊಬ್ಬರು ಹಚ್ಚಿಕೊಂಡಿರುವ ರೀತಿ ನೋಡಬೇಕು. ಡಿಕೋಟೋ ಹುಡುಗರಿಗೆ ಸಿಗದ ಬದುಕು ಇವರಿಗೆ ಸಿಕ್ಕಿದೆ.

ಇದರ ಜೊತೆಗೇ ಅಲೆನ್ ಗಿರೋಡಿ ಅವರ 2013ರ 'ಸ್ಟ್ರೇಂಜರ್ ಬೈ ದಿ ಲೇಕ್' ಹೆಸರು ಹೇಳದೆ ಇರಲಾರೆ. ಕಟ್ಟುನಿಟ್ಟಾಗಿ ನೋಡಿದರೆ ಇದು ಥ್ರಿಲ್ಲರ್. ಇಡೀ ಸಿನಿಮಾ ಒಂದು ಕೆರೆಯ ದಡ, ಪಕ್ಕದ ಕಾಡು, ಕಾರು ನಿಲ್ಲಿಸುವ ಜಾಗ, ಅಷ್ಟೇ. ಹಿನ್ನೆಲೆ ಸಂಗೀತ ಇಲ್ಲ. ಗಾಳಿ, ನೀರು, ಒಣ ಎಲೆ ಮೇಲೆ ಹೆಜ್ಜೆ ಸದ್ದು. ನಾಯಕ ಫ್ರಾಂಕ್ ತನಗಿಷ್ಟವಾದ ಗಂಡಸು ಇನ್ನೊಬ್ಬನನ್ನು ನೀರಲ್ಲಿ ಮುಳುಗಿಸುವುದನ್ನು ದೂರದಿಂದ ನೋಡುತ್ತಾನೆ. ಆಮೇಲೂ ಆ ಕೊಲೆಗಾರನ ಹತ್ತಿರವೇ ಹೋಗುತ್ತಾನೆ. ರಾಕ್ಷಸ ಎದುರಿಗೇ ಇದ್ದಾನೆ ಅಂತ ಗೊತ್ತಿದ್ದೂ ಮೈ ಅವನನ್ನೇ ಬೇಡುವ ಭಯ ಇದರಲ್ಲಿರುವಷ್ಟು ಇನ್ನೆಲ್ಲೂ ಇಲ್ಲ. ನಗ್ನತೆ, ಲೈಂಗಿಕತೆ ಎರಡೂ ನೇರವಾಗಿವೆ. ಅದಕ್ಕೆ ಸಿದ್ಧರಿದ್ದರೆ ಮಾತ್ರ ಹಾಕಿ.

ಹಾಗಾದರೆ ಈ ಶನಿವಾರ ಯಾವುದು? ಅದು ನಿಮ್ಮ ಜೊತೆ ಯಾರಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಬೆಂಗಳೂರಿನಲ್ಲಿ ಇಂಥ ಸಿನಿಮಾ ನೋಡುವವರಲ್ಲಿ ಎಷ್ಟೋ ಜನ ಪಿ.ಜಿ.ಯಲ್ಲಿ, ಇಬ್ಬರು ಮೂವರು ಇರುವ ರೂಮಿನಲ್ಲಿ, ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ನೋಡುವವರು. ಮನೆಯಲ್ಲಿ ಹೇಳಿಕೊಳ್ಳದವರೂ ಇದ್ದಾರೆ. ಅಂಥವರಿಗೆ 'ಫ್ರೆಡ್ಡೀಸ್ ರಿವೆಂಜ್' ಸುರಕ್ಷಿತ. ಯಾರಾದರೂ ಥಟ್ಟನೆ ಬಂದು ಇಣುಕಿದರೆ ಕಾಣುವುದು ಒಂದು ಮಾಮೂಲಿ ಹಾರರ್ ಸಿನಿಮಾ. ಆದರೆ ನಿಮಗೆ ಬೇಕಾದ್ದು ನಿಮಗೆ ಸಿಕ್ಕಿರುತ್ತದೆ. ಕದ್ದು ನೋಡಬೇಕಾದ ಕಾಲದಲ್ಲಿ ಅದು ಎಷ್ಟೋ ಜನಕ್ಕೆ ಹೀಗೇ ಆಸರೆಯಾಗಿತ್ತು.

ನಾಲ್ಕು ಜನ ಗೆಳೆಯರು ಸೇರಿದ್ದರೆ, ಅದರಲ್ಲಿ ಒಬ್ಬಿಬ್ಬರು ಗೇ ಅಲ್ಲದವರಿದ್ದರೂ, 'ಹೆಲ್‌ಬೆಂಟ್'. ಅದು ಯಾರನ್ನೂ ಹೊರಗಿಡುವುದಿಲ್ಲ, ಯಾರಿಗೂ ಪಾಠ ಮಾಡುವುದೂ ಇಲ್ಲ. ಇಬ್ಬರೇ ಇದ್ದರೆ 'ನೈಫ್ + ಹಾರ್ಟ್', ಒಳ್ಳೆ ಸ್ಪೀಕರ್ ಇಟ್ಟುಕೊಂಡು, ಲೈಟ್ ಆರಿಸಿ. ಫಿಲ್ಮ್ ಸೊಸೈಟಿಯ ಅಭ್ಯಾಸ ಇರುವವರು, ನಿಧಾನವನ್ನು ಸಹಿಸುವವರು ನೇರವಾಗಿ ಗಿರೋಡಿಗೆ ಹೋಗಬಹುದು. ಡಿಕೋಟೋ ಅವರನ್ನು ಇವೆಲ್ಲ ಆದ ಮೇಲೆ ನೋಡಿ. ಮೊದಲೇ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಆಮೇಲೆ ನೋಡಿದರೆ ಅವರು ತೆರೆದ ಬಾಗಿಲು ಯಾವುದು ಅಂತ ಕಾಣುತ್ತದೆ.

ಇನ್ನೊಂದು ದಾರಿಯೂ ಇದೆ. ಬೆಂಗಳೂರು ಕ್ವಿಯರ್ ಫಿಲ್ಮ್ ಫೆಸ್ಟಿವಲ್ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್, ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಂಥ ಜಾಗಗಳಲ್ಲಿ ನಡೆದಿದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಗೇ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಂ ಬಗ್ಗೆ ತೀರ್ಪು ಕೊಡುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಇಲ್ಲಿ ಜನ ಒಟ್ಟಿಗೆ ಕೂತು ಇಂಥ ಸಿನಿಮಾ ನೋಡುತ್ತಿದ್ದರು. ಹಾರರ್ ಅನ್ನು ಒಟ್ಟಿಗೆ ಕೂತೇ ನೋಡಬೇಕು. ಪಕ್ಕದವರು ಉಸಿರು ಹಿಡಿದದ್ದು ಕೇಳಿಸಬೇಕು. ಅಂಥ ಕಡೆ ಹಾರರ್ ಬಂದರೆ ಬಿಡಬೇಡಿ.

ಕನ್ನಡದಲ್ಲಿ ಇಂಥದ್ದೊಂದು ಯಾಕೆ ಬಂದಿಲ್ಲ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. 1979ರ 'ನಾ ನಿನ್ನ ಬಿಡಲಾರೆ' ಕಾಲದಿಂದ ನಮ್ಮಲ್ಲಿ ಒಬ್ಬರ ಮೈ ಮೇಲೆ ಇನ್ನೊಂದು ಜೀವ ಬರುವ ಕತೆಗಳಿಗೆ ಬರವಿಲ್ಲ. ಗಂಡಿನ ಮೈಯೊಳಗೆ ಬೇರೊಂದು ಆಸೆ ಕೂತು ಹೊರಗೆ ಬರಲು ಕಾಯುವುದಕ್ಕೆ ನಮ್ಮ ಹತ್ತಿರ ಸಿದ್ಧ ಕತೆಯೇ ಇದೆ. ಒಂದು ಹಳೇ ಮನೆ, ಐದಾರು ಹುಡುಗರು, ಮಳೆಗಾಲದ ಒಂದು ವಾರ ಸಾಕು. ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಕ್ಯಾಮೆರಾ ಹಿಡಿಯುವ ಮುಂಚೆ 'ವೂಡೂ ಅಕಾಡೆಮಿ'ಯ ಆ ಹಾಸ್ಟೆಲ್ ದೃಶ್ಯ, 'ಹೆಲ್‌ಬೆಂಟ್'ನ ಗಾಜಿನ ಕಣ್ಣು, ಇವೆರಡನ್ನು ಒಂದಾದ ಮೇಲೆ ಒಂದು ನೋಡಿ. ಮೊದಲನೆಯದರಲ್ಲಿ ಎಲ್ಲಿ ನೋಡಬೇಕು ಅನ್ನುವುದಿದೆ, ಎರಡನೆಯದರಲ್ಲಿ ಯಾರಿಗಾಗಿ ಹೆದರಬೇಕು ಅನ್ನುವುದಿದೆ.